ರೋಮು, ಅಥೆನ್ಸು ಮತ್ತು ಹಿದುಕಿದ ಅವರೆ

‘ಗ್ರೀಕರ ಆಡಳಿತಕ್ಕೂ ರೋಮನರ ಆಡಳಿತಕ್ಕೂ ಇರುವ ವ್ಯತ್ಯಾಸಗಳನ್ನು ವಿವರಿಸಿರಿ.’ ಹತ್ತು ಅಂಕದ ಪ್ರಶ್ನೆ. ತವರಿನಲ್ಲಿದ್ದಾಗ ಇದರ ಉತ್ತರವನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ಒಂದಕ್ಷರ ತಪ್ಪುತ್ತಿರಲಿಲ್ಲ, ಒಂದಕ್ಷರ ಅರ್ಥವೂ ಆಗಿರಲಿಲ್ಲ. ಅರ್ಥವಾದದ್ದು ಮದುವೆಯಾಗಿ ನಂದಗುಡಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆ, ಅವರೆಕಾಳು ಹಿದುಕುವ ಪಾತ್ರೆಯ ಮುಂದೆ ಕೂತಾಗ. ಹೀಗೆಂದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವರು ಕಾಲೇಜಿನಲ್ಲಿ ಓದಿದ್ದಾರೆ, ನಾನು ಅತ್ತೆಯ ಹತ್ತಿರ ಓದಿದ್ದೇನೆ.

ಆಗ ಯುದ್ಧದ ಕಾಲ. ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡುವ ಮೊದಲೇ ನನಗೆ ಮದುವೆಯಾಗಿತ್ತು. ನಮ್ಮಪ್ಪ ಮೇಷ್ಟ್ರು. ಓದು ಮುಗಿಸು ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಪುಸ್ತಕಗಳನ್ನು ಟ್ರಂಕಿನ ತಳದಲ್ಲಿಟ್ಟು, ಮೇಲೆ ಸೀರೆ ಮುಚ್ಚಿ ಕಳಿಸಿದ್ದರು. ಗಂಡನ ಮನೆಯಲ್ಲಿ ಮಾವ, ಅತ್ತೆ, ಭಾವ, ನಾನು ಅಕ್ಕ ಎಂದು ಕರೆಯುತ್ತಿದ್ದ ಓರಗಿತ್ತಿ. ನಮ್ಮವರು ಹೊಸಕೋಟೆಯಲ್ಲಿ ಗುಮಾಸ್ತರಾಗಿದ್ದರು. ಅಲ್ಲೇ ಒಂದು ಕೋಣೆ ಹಿಡಿದುಕೊಂಡು, ಶನಿವಾರ ಸಾಯಂಕಾಲ ಇದ್ದಿಲು ಬಸ್ಸಿನಲ್ಲಿ ಊರಿಗೆ ಬರುತ್ತಿದ್ದರು. ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಅದು, ದಿಬ್ಬ ಬಂದರೆ ನಿಂತುಬಿಡುತ್ತಿತ್ತು. ಪ್ರಯಾಣಿಕರು ಇಳಿದು ತಳ್ಳಬೇಕಾಗಿತ್ತು. ಹಾಗಾಗಿ ಮನೆಗೆ ಬಂದ ಗಂಡನ ಮುಖ ನೋಡಬೇಕಾದರೆ ನಾನು ಮೊದಲು ಒಂದು ಚೊಂಬು ನೀರು ಕೊಡಬೇಕಿತ್ತು.

ಹೊರಗಿನಿಂದಲೂ ಪರೀಕ್ಷೆಗೆ ಕೂರಬಹುದು ಎಂಬ ಸುದ್ದಿ ತಂದವರು ಅವರೇ. ಅಂದಿನಿಂದ ನನ್ನ ತಲೆಯಲ್ಲಿ ಅದೊಂದೇ. ಆದರೆ ಓದುವುದು ಯಾವಾಗ? ಸೀಮೆಣ್ಣೆ ಅಳತೆಯಲ್ಲಿ ಸಿಗುತ್ತಿತ್ತು, ಊಟವಾಗುತ್ತಿದ್ದಂತೆ ದೀಪ ಆರಿಸುತ್ತಿದ್ದರು. ಹಗಲಿನಲ್ಲಿ ಮೈ ತುಂಬ ಕೆಲಸ. ಅದರಲ್ಲೂ ಸೊಗಡಿನ ಅವರೆ ಬರುವ ಚಳಿಗಾಲದಲ್ಲಿ ಮಧ್ಯಾಹ್ನವೆಲ್ಲ ಹಿದುಕುವ ಕೆಲಸ. ಹಿಂದಿನ ದಿನ ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ. ಹೇಳುವುದಕ್ಕೆ ಇಷ್ಟೇ. ಮನೆಮಂದಿಗೂ ಆಳುಗಳಿಗೂ ಸಾಲುವಷ್ಟು ಸಾರಿಗೆ ಮೂರು ಹೆಂಗಸರು ಮೂರು ಗಂಟೆ ಕೂರಬೇಕು. ಅತ್ತೆಯ ಬೆರಳು ಆಡಿದರೆ ಕಣ್ಣು ಅಲ್ಲಿ ನಿಲ್ಲುತ್ತಿರಲಿಲ್ಲ. ನಾನು ಹಿದುಕಿದ ಕಾಳು ಅರ್ಧ ಪಾತ್ರೆಗೆ, ಅರ್ಧ ಗೋಡೆಗೆ.

ಅಕ್ಕನೇ ಒಂದು ದಿನ ದಾರಿ ಹುಡುಕಿದಳು. “ಅತ್ತೆ, ಇವಳು ಹಿದುಕೋದು ಒಂದೇ, ಬಿಡೋದು ಒಂದೇ. ಅವಳ ಪಾಲಿನ ಕಾಳು ನಾವೇ ಹಿದುಕ್ಬಿಡೋಣ. ಅವಳು ಓದ್ಕೊಳ್ಳಿ. ಆದ್ರೆ ಗಟ್ಟಿಯಾಗಿ ಓದ್ಬೇಕು, ನಮಗೂ ಹೊತ್ತು ಹೋಗ್ತದೆ.”

ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮಾರನೆಯ ದಿನ ನನ್ನ ಮುಂದಿದ್ದ ಕಾಳನ್ನು ತಮ್ಮ ಕಡೆಗೆ ಎಳೆದುಕೊಂಡರು. ಹೀಗೆ ನಮ್ಮ ಹಿಂಬಾಗಿಲ ಜಗಲಿಗೆ ಗ್ರೀಸ್ ದೇಶ ಬಂತು.

ಅಥೆನ್ಸ್ ನಗರದಲ್ಲಿ ಪ್ರಜೆಗಳೆಲ್ಲರೂ ಗುಡ್ಡದ ಮೇಲೆ ಸೇರಿ, ಕೈ ಎತ್ತಿ ರಾಜ್ಯದ ವಿಷಯಗಳನ್ನು ತೀರ್ಮಾನಿಸುತ್ತಿದ್ದರು ಎಂದು ಓದಿದೆ.

“ಎಲ್ಲಾರೂ ಗುಡ್ಡ ಹತ್ತಿ ಕೂತ್ರೆ ದನಕ್ಕೆ ನೀರು ಕುಡಿಸೋರು ಯಾರು?” ಎಂದರು ಅತ್ತೆ.

“ಆಳುಗಳಿದ್ರು ಅತ್ತೆ. ಹೆಂಗಸರಿದ್ರು.”

“ಅವರು ಗುಡ್ಡ ಹತ್ತಂಗಿಲ್ವಾ?”

“ಇಲ್ಲ. ಗಂಡಸರು ಮಾತ್ರ. ಅದ್ರಲ್ಲೂ ಅಪ್ಪ ಅಮ್ಮ ಇಬ್ಬರೂ ಆ ಊರಿನವರೇ ಆಗಿರ್ಬೇಕು.”

ಅತ್ತೆಯ ಬೆರಳು ನಿಂತಿತು. “ಹಂಗಾರೆ ಎಲ್ಲಾರೂ ಅಂತ ಯಾಕೆ ಬರ್ದವ್ನೆ ಅವ್ನು?”

ಅಷ್ಟು ವರ್ಷ ಆ ಸಾಲನ್ನು ಬಾಯಿಪಾಠ ಮಾಡಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನಾಚಿಕೆಯಾಗಿ ಪುಸ್ತಕದ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಬರೆದುಕೊಂಡೆ.

ಅಥೆನ್ಸಿನವರಿಗೆ ಇನ್ನೊಂದು ಪದ್ಧತಿಯಿತ್ತು. ಊರಿಗೆ ಅಪಾಯ ಎನಿಸಿದವನ ಹೆಸರನ್ನು ಮಡಕೆ ಚೂರಿನ ಮೇಲೆ ಬರೆದು ಹಾಕುತ್ತಿದ್ದರು. ಸಾಕಷ್ಟು ಚೂರು ಬಿದ್ದರೆ ಅವನು ಹತ್ತು ವರ್ಷ ಊರು ಬಿಡಬೇಕು. ಅಕ್ಕ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ತನ್ನ ಗಂಡನನ್ನು ಒಮ್ಮೆ ನೋಡಿ, “ಹತ್ತು ವರ್ಷ ಬ್ಯಾಡ, ಹತ್ತು ದಿನ ಕಳ್ಸಿದ್ರೆ ಸಾಕು” ಅಂದಳು. ಭಾವ ಏನು ಅಂತ ಕೇಳಿದರು. ಚರಿತ್ರೆ ಪಾಠ ಅಂದೆವು.

ಅಧಿಕಾರಿಗಳನ್ನು ಅವರು ಅದೃಷ್ಟದ ಮೇಲೆ ಆರಿಸುತ್ತಿದ್ದರು, ಅದಕ್ಕೆ ಕರಿ ಕಾಳು ಬಿಳಿ ಕಾಳು ಬಳಸುತ್ತಿದ್ದರು ಎಂಬ ಒಂದು ಸಾಲೂ ಇತ್ತು. ಕಾಳು ಎಂದ ಕೂಡಲೇ ಅಕ್ಕನ ಕಿವಿ ನೆಟ್ಟಗಾಯಿತು. ನಾಳೆ ಮುದ್ದೆ ತೊಳಸುವವರು ಯಾರು ಎಂದು ನಾವೂ ಹಾಗೇ ಆರಿಸೋಣ ಎಂದು ಹಟ ಹಿಡಿದಳು. ಎರಡು ಬಿಳಿ ಅವರೆ, ಒಂದು ಕರಿ ಹುರುಳಿ, ಮುಚ್ಚಿದ ಮುಷ್ಟಿ. ಮೂರು ದಿನವೂ ಹುರುಳಿ ಬಂದದ್ದು ನನಗೆ. ಮೂರು ದಿನವೂ ಮುದ್ದೆಯಲ್ಲಿ ಗಂಟು. ಮೂರನೆಯ ದಿನ ಮಾವ ತಟ್ಟೆಯ ಅಂಚಿನಲ್ಲಿ ಗಂಟುಗಳನ್ನು ಸಾಲಾಗಿ ಜೋಡಿಸಿಟ್ಟು ಎದ್ದುಹೋದರು. ಅತ್ತೆ ಮುದ್ದೆ ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡು, “ಅಥೆನ್ಸು ಸಾಕು. ರೋಮು ಓದು” ಎಂದರು.

ರೋಮು ಅತ್ತೆಗೆ ಮೊದಲ ದಿನವೇ ಹಿಡಿಸಿತು. ಅಲ್ಲಿ ವರ್ಷಕ್ಕೆ ಇಬ್ಬರು ಮುಖ್ಯಸ್ಥರು, ಇಬ್ಬರಿಗೂ ಸಮನಾದ ಅಧಿಕಾರ.

“ಇಬ್ರು ಯಜಮಾನ್ರಾ? ಒಬ್ಬ ಹೂಂ ಅಂದು ಇನ್ನೊಬ್ಬ ಊಹೂಂ ಅಂದ್ರೆ?”

“ಊಹೂಂ ಅಂದವನದ್ದೇ ನಡೆಯುತ್ತೆ ಅತ್ತೆ.”

“ಸರಿಯಾಗೈತೆ. ಮನೆ ಉಳಿಯೋದು ಹಂಗೇ.”

ಆಗ ನನಗೆ ಥಟ್ಟನೆ ಹೊಳೆಯಿತು. ಹೊಲ, ಎತ್ತು, ಊರ ಪಂಚಾಯ್ತಿ ಮಾವನದು. ಒಲೆ, ಕಣಜ, ಹಸು, ಸೊಸೆಯಂದಿರು ಅತ್ತೆಯದು. ಒಬ್ಬರು ಬೇಡವೆಂದರೆ ಇನ್ನೊಬ್ಬರು ಮುಂದಕ್ಕೆ ಹೆಜ್ಜೆಯಿಡುತ್ತಿರಲಿಲ್ಲ. ಮುಂಬಾಗಿಲ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಸಲಹೆ ಕೊಡುತ್ತಿದ್ದ ಊರಿನ ನಾಲ್ಕು ಮುದುಕರೇ ಹಿರಿಯರ ಸಭೆ. ನಾನು ಎರಡು ವರ್ಷದಿಂದ ಬಾಳುತ್ತಿದ್ದದ್ದು ರೋಮಿನಲ್ಲೇ. ಅಂದಿನಿಂದ ನನಗೆ ಆ ಉತ್ತರವನ್ನು ಬಾಯಿಪಾಠ ಮಾಡುವ ಅಗತ್ಯ ಬೀಳಲಿಲ್ಲ.

ಶತ್ರುಗಳು ಮುತ್ತಿದಾಗ ರೋಮಿನವರು ಹೊಲ ಉಳುತ್ತಿದ್ದ ಒಬ್ಬನ ಬಳಿಗೆ ಹೋಗಿ ಸಮಸ್ತ ಅಧಿಕಾರವನ್ನೂ ಕೊಟ್ಟರಂತೆ. ಅವನು ಹದಿನಾರು ದಿನದಲ್ಲಿ ಯುದ್ಧ ಮುಗಿಸಿ ಅಧಿಕಾರ ಬಿಟ್ಟು ನೇಗಿಲಿಗೆ ವಾಪಸಾದನಂತೆ. ಅಷ್ಟು ದಿನ ಎತ್ತು ಯಾರು ನೋಡಿಕೊಂಡರು ಎಂದು ಅತ್ತೆ ಕೇಳಿದರು. ಪುಸ್ತಕದಲ್ಲಿ ಬರೆದಿಲ್ಲ ಅಂದೆ. “ಹೆಂಡ್ತಿ ನೋಡ್ಕೊಂಡಿರ್ತಾಳೆ, ಅದಕ್ಕೇ ಬರ್ದಿಲ್ಲ” ಎಂದಳು ಅಕ್ಕ. ರೋಮಿನವರು ಗೆದ್ದ ಊರುಗಳ ಜನರನ್ನೂ ಬರಬರುತ್ತ ತಮ್ಮ ಪ್ರಜೆಗಳನ್ನಾಗಿ ಮಾಡಿಕೊಂಡರು, ಅಥೆನ್ಸಿನವರು ಹಾಗೆ ಮಾಡಲಿಲ್ಲ ಎಂಬ ಸಾಲನ್ನು ಅತ್ತೆ ಎರಡು ಸಲ ಓದಿಸಿದರು. ಯಾಕೆ ಎಂದು ನಾನು ಆಗ ಯೋಚಿಸಲಿಲ್ಲ.

ಪರೀಕ್ಷೆಯ ಅರ್ಜಿ ಬಂದದ್ದು ಆ ಶನಿವಾರ. ನಮ್ಮವರು ಸೋಮವಾರದ ಮೊದಲ ಬಸ್ಸಿಗೆ ಅದನ್ನು ತೆಗೆದುಕೊಂಡು ಹೋಗದಿದ್ದರೆ ಆ ವರ್ಷದ ಮಾತು ಮುಗಿದಂತೆ. ಪರೀಕ್ಷೆ ಬೆಂಗಳೂರಿನಲ್ಲಿ, ನನ್ನ ಚಿಕ್ಕಮ್ಮನ ಮನೆಯಲ್ಲಿ ಹತ್ತು ದಿನ ಇರಬೇಕು. ನನ್ನ ಗಂಡನ ಮನೆಯ ಸೊಸೆ ಹೆರಿಗೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಹತ್ತು ದಿನ ಹೊರಗೆ ಉಳಿದದ್ದಿಲ್ಲ. ನಮ್ಮವರು ತಮ್ಮ ಅಪ್ಪನನ್ನು ಕೇಳಿದರು. “ನಿಮ್ಮವ್ವ ಒಪ್ಪಿದ್ರೆ ನಂದೇನಿಲ್ಲ” ಎಂದರು ಮಾವ. ನಾನು ಅತ್ತೆಯನ್ನು ಕೇಳಿದೆ. “ನಿಮ್ಮ ಮಾವ ಒಪ್ಪಿದ್ರೆ ನಂದೇನಿಲ್ಲ” ಎಂದರು ಅತ್ತೆ. ನಮ್ಮವರು ಮತ್ತೆ ಮುಂಬಾಗಿಲಿಗೆ ಹೋದರು, ನಾನು ಮತ್ತೆ ಹಿಂಬಾಗಿಲಿಗೆ ಹೋದೆ. ಭಾನುವಾರ ಮಧ್ಯಾಹ್ನದ ತನಕ ಇದೇ ಓಡಾಟ. ಭಾವ ಮಾತ್ರ ನೇರವಾಗಿ, ಊರಿನವರು ಏನಂದಾರು, ಬೇಡ ಎಂದುಬಿಟ್ಟರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಕಾಳಿನ ಪಾತ್ರೆಯನ್ನು ಕುಕ್ಕಿ ಇಟ್ಟೆ. “ಈ ರೋಮಿನಲ್ಲಿ ಯಾರೂ ಬೇಡ ಅನ್ನಲ್ಲ, ಯಾರೂ ಬೇಕು ಅನ್ನಲ್ಲ. ಇದಕ್ಕಿಂತ ಅಥೆನ್ಸೇ ವಾಸಿ. ಎಲ್ಲಾರೂ ಕೂತು ಒಂದು ತೀರ್ಮಾನ ಮಾಡಿ.”

ಬೈಯುತ್ತಾರೆ ಅಂದುಕೊಂಡೆ. ಅತ್ತೆ ಯೋಚಿಸಿದರು. “ಮಾಡೋಣ. ಆದ್ರೆ ಕೈ ಎತ್ತೋದು ಬ್ಯಾಡ. ಯಾರು ಏನಂದ್ರು ಅಂತ ಗೊತ್ತಾದ್ರೆ ನಾಳೆ ಒಂದೇ ಒಲೆ ಮುಂದೆ ಕೂರೋದು ಕಷ್ಟ. ಕಾಳು ಹಾಕೋಣ.”

ಕಾಯ್ದೆ ಮಾಡಿದವರೂ ಅವರೇ. ನೆನೆದ ಅವರೆಯ ಪಾತ್ರೆ ನಡುವೆ ಇರುತ್ತದೆ. ಹೋಗಲಿ ಎನ್ನುವವರು ಕಾಳನ್ನು ಹಿದುಕಿ ಹಾಕಬೇಕು, ಬೇಡ ಎನ್ನುವವರು ಸಿಪ್ಪೆ ಸಮೇತ ಹಾಕಬೇಕು. ಗಂಡಸರು ಕೈಯನ್ನು ಟವಲಿನ ಕೆಳಗೆ, ಹೆಂಗಸರು ಸೆರಗಿನ ಕೆಳಗೆ ಇಟ್ಟುಕೊಳ್ಳಬೇಕು. ಕಾಳು ಬೀಳುವುದು ಬಟ್ಟೆ ಮುಚ್ಚಿದ ಚೊಂಬಿಗೆ. ಗ್ರೀಸಿನಲ್ಲಿ ಹೆಂಗಸರಿಗೆ ಓಟಿಲ್ಲವಲ್ಲ ಎಂದು ಭಾವ ಶುರುಮಾಡಿದರು. ಅವರೂ ದೂರದಿಂದ ಪಾಠ ಕೇಳಿಸಿಕೊಳ್ಳುತ್ತಿದ್ದರು ಎಂದು ನನಗೆ ತಿಳಿದದ್ದು ಆಗಲೇ. “ಹಂಗಾರೆ ಕಾಳು ನೆನೆಸಿದ್ದು ನಾವು, ತಗೊಂಡು ಹೋಯ್ತೀವಿ” ಎಂದರು ಅತ್ತೆ. ಭಾವ ಟವಲಿನ ಕೆಳಗೆ ಕೈಯಿಟ್ಟರು. ನನ್ನದೇ ವಿಷಯವಾದ್ದರಿಂದ ನನಗೆ ಓಟಿಲ್ಲ ಎಂದು ತೀರ್ಮಾನವಾಯಿತು. ಐದು ಜನ, ಐದು ಕಾಳು. ನಾನು ಮಾವನ ಎದುರು ಕೂರುವಂತಿರಲಿಲ್ಲ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ.

ಚೊಂಬನ್ನು ತಟ್ಟೆಗೆ ಸುರಿದಾಗ ಆರು ಚೂರು ಬಿದ್ದವು. ಮೋಸ ಎಂದರು ಭಾವ. ನೋಡಿದರೆ ಒಂದು ಬೇಳೆ ಸೀಳಿ ಎರಡು ಹೋಳಾಗಿತ್ತು. ನಮ್ಮವರು ತಲೆತಗ್ಗಿಸಿ, “ಜೋರಾಗಿ ಒತ್ಬಿಟ್ಟೆ” ಎಂದರು. ಹುಟ್ಟಿದಾಗಿನಿಂದ ಆ ಮನುಷ್ಯ ಒಂದು ಕಾಳೂ ಹಿದುಕಿದವರಲ್ಲ. ಅಕ್ಕ ಎರಡು ಹೋಳನ್ನೂ ಜೋಡಿಸಿ ಒಂದು ಎಂದು ಲೆಕ್ಕ ಮಾಡಿದಳು. ಹಿದುಕಿದ್ದು ಮೂರು, ಸಿಪ್ಪೆಯದು ಎರಡು.

ನನಗೆ ಕೂತಲ್ಲೇ ಕುಣಿಯಬೇಕೆನಿಸಿತು, ಆದರೆ ನಾನು ಕೂತಿರಲೂ ಇಲ್ಲ.

ಗುಟ್ಟು ಅರ್ಧ ನಿಮಿಷವೂ ಉಳಿಯಲಿಲ್ಲ. “ಸಿಪ್ಪೆಯದ್ರಲ್ಲಿ ಒಂದು ನಂದು” ಎಂದರು ಭಾವ. “ಇನ್ನೊಂದು ನಂದು” ಎಂದರು ಮಾವ, “ನಿಮ್ಮವ್ವ ಬ್ಯಾಡ ಅಂತಾಳೆ ಅನ್ಕೊಂಡು ನಾನೂ ಬ್ಯಾಡ ಅಂದೆ.” ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅವರು ತಮ್ಮ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದರು. ಅದಕ್ಕೆ ಅವರೆಯ ಸಿಪ್ಪೆ ಅಂಟಿಕೊಂಡಿತ್ತು.

“ತಡೀರಿ” ಎಂದರು. “ನಾನು ಬ್ಯಾಡ ಅಂತ್ಲೇ ಹಾಕಕ್ಕೆ ಹೋಗಿದ್ದು. ಕಾಳು ಕೈಗೆ ತಗೊಂಡೆ ನೋಡು, ಬೆರಳು ತಾನೇ ಹಿದುಕ್ಬಿಡ್ತು.”

“ಹಂಗಾದ್ರೆ ಮತ್ತೆ ಹಾಕೋಣ” ಎಂದರು ಭಾವ.

“ಬಿದ್ದ ಕಾಳು ಬಿತ್ತು. ಮತ್ತೆ ಹಾಕೋ ಹಂಗಿಲ್ಲ” ಎಂದೆ. ಬಾಗಿಲಿನಿಂದ ಮಾತು ಬಂದುಬಿಟ್ಟಿತ್ತು. ಎರಡು ವರ್ಷದಲ್ಲಿ ನಾನು ಮಾವನ ಎದುರಿಗೆ ಆಡಿದ ಮೊದಲ ಮಾತು ಅದು.

ಮಾವ ನನ್ನತ್ತ ತಿರುಗದೆ ಕೇಳಿದರು. “ಅದೂ ಪುಸ್ತಕದಲ್ಲಿ ಐತೇನವ್ವಾ?”

ಸುಳ್ಳು ಹೇಳಬಹುದಿತ್ತು, ಆ ಮನೆಯಲ್ಲಿ ಆ ಪುಸ್ತಕ ಓದಿದವಳು ನಾನೊಬ್ಬಳೇ. ಮೇಷ್ಟ್ರ ಮಗಳು, ಬಾಯಿ ಬರಲಿಲ್ಲ. ಇಲ್ಲ ಎಂದೆ.

ಮಾವ ಹೆಂಡತಿಯನ್ನು ಕೇಳಿದರು. “ಅದ್ಸರಿ, ನೀನ್ಯಾಕೆ ಬ್ಯಾಡ ಅನ್ನಕ್ಕೆ ಹೋಗಿದ್ದೆ? ಊರಿನೋರ ಮಾತಿಗಾ?”

“ಊರಿನೋರು ನಂಗೆ ಕಾಳು ಹಿದುಕಿ ಕೊಡ್ತಾರಾ?” ಎಂದರು ಅತ್ತೆ. ಆಮೇಲೆ ದನಿ ಸಣ್ಣದಾಯಿತು. “ಪಾಸಾದ್ರೆ ಅವಳು ಹೊಸಕೋಟೆಗೆ ಹೋಗಿ ಅವನ ಜೊತೆ ಸಂಸಾರ ಹೂಡ್ತಾಳೆ. ಆಮೇಲೆ ನಂಗೆ ಮಧ್ಯಾಹ್ನ ಓದಿ ಹೇಳೋರು ಯಾರು?”

ಭಾನುವಾರವೆಲ್ಲ ಅವರ ಮೇಲೆ ನಾನು ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಪಾಠವನ್ನು ನಾನು ನನಗೋಸ್ಕರ ಓದುತ್ತಿದ್ದೇನೆ, ಅವರು ನನಗೋಸ್ಕರ ಸಹಿಸಿಕೊಳ್ಳುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಎಂಥ ದಡ್ಡಿ ನಾನು.

“ಮತ್ತೆ ಹಾಕಿ ಅತ್ತೆ” ಎಂದೆ. “ನೀವು ಬೇಡ ಅಂದ್ರೆ ನಾನು ಹೋಗಲ್ಲ. ಕೋಪ ಇಲ್ಲ.” ಕೋಪವಿರಲಿಲ್ಲ, ನಿಜ. ಅಳು ಮಾತ್ರ ಬಾಗಿಲ ಚೌಕಟ್ಟಿಗೆ ಬಂದು ನಿಂತಿತ್ತು.

ಅತ್ತೆ ಬೆರಳಿನ ಸಿಪ್ಪೆಯನ್ನು ಕಿತ್ತು ರಾಶಿಗೆ ಹಾಕಿದರು. “ಮತ್ತೆ ಹಾಕಿದ್ರೂ ಇದು ಹಿದುಕೇ ಹಿದುಕ್ತದೆ. ಇಷ್ಟು ವರ್ಷ ಈ ಬೆರಳು ನಾನು ಹೇಳಿದ್ ಕೆಲಸ ಮಾಡೈತೆ. ಇವತ್ತು ಅದೇ ಒಂದು ಮಾತು ಹೇಳ್ತು. ಇರ್ಲಿ, ಕೇಳೋಣ.” ಮಗನ ಕಡೆ ತಿರುಗಿ, “ನಾಳೆ ಮೊದಲ್ನೇ ಬಸ್ಸಿಗೆ ಅದನ್ನ ಮರೀದೆ ತಗೊಂಡೋಗು” ಎಂದರು. ಮಾವ ಎದ್ದು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಎರಡನೇ ಯಜಮಾನರ ಒಪ್ಪಿಗೆ ಅದು. ಆ ಐದು ಕಾಳೂ ಅಂದಿನ ಸಾರಿಗೇ ಹೋದವು, ಮಾವನ, ಭಾವನ ಸಿಪ್ಪೆ ಕಾಳುಗಳನ್ನು ಅಕ್ಕ ಹಿದುಕಿದ ಮೇಲೆ.

ಬೇಸಿಗೆಯ ಶುರುವಿನಲ್ಲಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬಂದೆ. ವಾಪಸು ಬಂದಾಗ ಅವರೆಯ ಕಾಲ ಮುಗಿದು ಹಿಂಬಾಗಿಲ ಜಗಲಿಯಲ್ಲಿ ಹುಣಸೆಹಣ್ಣಿನ ರಾಶಿ ಬಿದ್ದಿತ್ತು. ಅತ್ತೆ, ಅಕ್ಕ ಜಜ್ಜಿ ಬೀಜ ತೆಗೆಯುತ್ತಿದ್ದರು. ನಾನು ಕಾಲು ತೊಳೆದು ಬರುವ ತನಕವೂ ಅತ್ತೆಗೆ ತಾಳ್ಮೆಯಿರಲಿಲ್ಲ.

“ನಮ್ಮ ಪ್ರಶ್ನೆ ಬಂತಾ?”

“ಬರಲಿಲ್ಲ ಅತ್ತೆ.”

“ಗ್ರೀಸೂ ಇಲ್ವಾ, ರೋಮೂ ಇಲ್ವಾ?”

“ಎರಡೂ ಇಲ್ಲ. ಬೇರೆ ಏನೇನೋ ಕೇಳಿದ್ರು. ಬರೆದಿದ್ದೀನಿ.”

ಅತ್ತೆಯ ಮುಖ ಇಳಿದುಹೋಯಿತು. ಪ್ರಶ್ನೆ ಕೊಟ್ಟವನಿಗೆ ಬುದ್ಧಿಯಿಲ್ಲ ಎಂದರು. ಅಷ್ಟು ಕಾಳು ಹಿದುಕಿದ್ದು ದಂಡವಾಯಿತಲ್ಲ ಎಂದರು. ಸ್ವಲ್ಪ ಹೊತ್ತು ಹುಣಸೆಹಣ್ಣು ಜಜ್ಜಿ, ಕಲ್ಲನ್ನು ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು ಕೂತರು. “ಹಂಗಾರೆ ನನ್ನ ಕೇಳು.”

ಕೇಳಿದೆ. ಗ್ರೀಕರ ಆಡಳಿತಕ್ಕೂ ರೋಮನರ ಆಡಳಿತಕ್ಕೂ ಇರುವ ವ್ಯತ್ಯಾಸಗಳನ್ನು ವಿವರಿಸಿರಿ.

ಅಕ್ಷರ ಬಾರದ ನಮ್ಮತ್ತೆ ಬೆರಳು ಮಡಿಸಿ ಮಡಿಸಿ ಹೇಳಿದರು. ಅಥೆನ್ಸಿನಲ್ಲಿ ಗುಡ್ಡ ಹತ್ತಿ ಕೈ ಎತ್ತುತ್ತಾರೆ, ಆದರೆ ಎಲ್ಲಾರೂ ಅಂತ ಬರೆದದ್ದು ಸುಳ್ಳು. ಕಾಳು ಹಾಕಿ ಅಧಿಕಾರಿಯನ್ನು ಆರಿಸುತ್ತಾರೆ, ಹಾಗೆ ಮಾಡಿದರೆ ಮುದ್ದೆ ಗಂಟಾಗುತ್ತದೆ. ರೋಮಿನಲ್ಲಿ ಇಬ್ಬರು ಯಜಮಾನರು, ಊಹೂಂ ಅಂದವನ ಮಾತು ನಡೆಯುತ್ತದೆ. ಜಗಲಿ ಮೇಲೆ ಮುದುಕರು ಕೂತಿರುತ್ತಾರೆ. ಕಷ್ಟ ಬಂದರೆ ಒಬ್ಬನಿಗೇ ಅಧಿಕಾರ ಕೊಟ್ಟು, ತೀರಿದ ಮೇಲೆ ಹೊಲಕ್ಕೆ ಕಳಿಸುತ್ತಾರೆ. ಇಷ್ಟು ಹೇಳಿ ಕೊನೆಯ ಬೆರಳನ್ನು ಮಡಿಸದೆ ಹಿಡಿದುಕೊಂಡರು.

“ಅಥೆನ್ಸಿನಲ್ಲಿ ಹುಟ್ಟಿದೋರು ಮಾತ್ರ ಆ ಊರಿನೋರು. ರೋಮಿನಲ್ಲಿ ಹೊರಗಿಂದ ಬಂದೋರೂ ಆಯ್ತಾರೆ. ನಾನು ಈ ಮನೆಗೆ ಬಂದಾಗ ನಂಗೆ ಹನ್ನೊಂದು ವರ್ಷ ಕಣವ್ವ. ತಿಂಗಳುಗಟ್ಟಲೆ ಆ ಕಣಜದ ಹಿಂದೆ ಕೂತು ಅತ್ತಿದ್ದೀನಿ. ಇಂಥದೊಂದು ಕಾಯ್ದೆ ಐತೆ ಅಂತ ನಂಗೆ ಯಾರೂ ಹೇಳಿರ್ಲಿಲ್ಲ.”

ಅಕ್ಕನ ಕಲ್ಲೂ ನಿಂತಿತ್ತು. ನಾನು ಅವರ ಕೈ ಹಿಡಿದುಕೊಂಡೆ. ಹುಣಸೆಹಣ್ಣು ಮೆತ್ತಿದ ಕೈ, ಅಂಟಿಕೊಂಡಿತು.

“ಎಷ್ಟು ಕೊಡ್ತೀಯ?” ಎಂದು ಕೇಳಿದರು.

“ಹತ್ತಕ್ಕೆ ಹತ್ತು.”

“ಬ್ಯಾಡ, ಒಂದು ಕಮ್ಮಿ ಮಾಡು. ಅವರ ಹೆಸರೊಂದೂ ಬಾಯಿಗೆ ಬರ್ಲಿಲ್ಲ.”

ನಾನು ಪಾಸಾದೆ. ಮಳೆಗಾಲದ ಹೊತ್ತಿಗೆ ಅತ್ತೆ ಹೇಳಿದಂತೆಯೇ ಹೊಸಕೋಟೆಯಲ್ಲಿ ಸಂಸಾರ ಹೂಡಿದೆವು. ಶನಿವಾರ ಸಾಯಂಕಾಲದ ಇದ್ದಿಲು ಬಸ್ಸಿನಲ್ಲಿ ನಮ್ಮವರ ಪಕ್ಕ ನಾನೂ ಕೂರುತ್ತಿದ್ದೆ, ಚೀಲದಲ್ಲಿ ಯಾರನ್ನಾದರೂ ಕೇಳಿ ತಂದ ಒಂದು ಪುಸ್ತಕವಿರುತ್ತಿತ್ತು. ಅತ್ತೆ ಭಾನುವಾರಕ್ಕೆಂದು ಕೆಲಸ ಉಳಿಸಿಕೊಂಡು ಕಾಯುತ್ತಿದ್ದರು. ದಿಬ್ಬದಲ್ಲಿ ಬಸ್ಸು ನಿಂತರೆ ಗಂಡಸರ ಜೊತೆ ನಾನೂ ಇಳಿದು ತಳ್ಳುತ್ತಿದ್ದೆ.